ಪೆಟ್ಟಿಗೆಯಲ್ಲಿರುವ ಹಳೆಯ ಅಳತೆ ಸಾಧನ: ಇಂಚಿನದೋ, ಮಿಲಿಮೀಟರಿನದೋ?



ಮಹಾಕೂಟದ ಸಮೀಪದ ಒಬ್ಬ ರೈತರ ಪಂಪು, ಶೇಂಗಾಕ್ಕೆ ನೀರು ಬೇಕಾದ ಹೊತ್ತಿನಲ್ಲೇ ನಿಂತಿತು. ಶಾಫ್ಟು ತುಸು ದಪ್ಪವಾಗಿ ಹೊಸ ಬೇರಿಂಗು ಕೂಡಲಿಲ್ಲ. “ಎರಡು ಗೆರೆ ತೆಗೆಯಿರಿ” ಎಂದು ಲೇತಿನವರಿಗೆ ಹೇಳಲಾಯಿತು. ಹೇಳಿದವರ ಮನಸ್ಸಿನಲ್ಲಿದ್ದುದು ಮಿಲಿಮೀಟರಿನ ಗೆರೆ. ತೆಗೆದವರ ಕೈಯಲ್ಲಿದ್ದುದು ಇಂಚಿನ ಮೈಕ್ರೋಮೀಟರು. 0.02 ಮಿ.ಮೀ. ತೆಗೆಯಬೇಕಾದಲ್ಲಿ 0.05 ಮಿ.ಮೀ. ಹೋಯಿತು. ಬೇರಿಂಗು ಸಡಿಲಾಗಿ, ಶಾಫ್ಟಿನ ಮೇಲೆ ಜಾರಿ, ಕಾದು ಕೆಟ್ಟಿತು. ಬೆಳೆ ಬಾಡಿತು.

ಇಂಥ ಸಾಧನಗಳು ನಮ್ಮ ಮನೆಗಳಲ್ಲೂ ಇರಬಹುದು. ಹರಿಹರದ ಮೈಸೂರು ಕಿರ್ಲೋಸ್ಕರ ಕಾರ್ಖಾನೆ 1941ರಲ್ಲಿಯೂ, ಬೆಂಗಳೂರಿನ ಎಚ್.ಎಂ.ಟಿ. 1953ರಲ್ಲಿಯೂ ಆರಂಭವಾದವು. ಅಂಥ ಕಡೆ ದುಡಿದ ಹಿರಿಯರು ತಮ್ಮ ಪೆಟ್ಟಿಗೆಯನ್ನು ಊರಿಗೆ ತಂದಿರಬಹುದು. ದಶಮಾನ ಅಳತೆಯ ಕಾಯಿದೆ ಬಂದದ್ದು 1956ರಲ್ಲಿ. ಅದಕ್ಕೂ ಹಿಂದಿನ ಸಾಧನಗಳಲ್ಲಿ ಇಂಚೇ ಹೆಚ್ಚು. ಆದುದರಿಂದ ಹಳೇ ಕಬ್ಬಿಣದವರಿಗೆ ತೂಗಿ ಕೊಡುವ ಮೊದಲು ಹೀಗೆ ಪರೀಕ್ಷಿಸತಕ್ಕದ್ದು.

1. ವರ್ನಿಯರ್ ಕ್ಯಾಲಿಪರು: ಗೆರೆಪಟ್ಟಿಯ ಮೇಲೆ ಒಂದು ದವಡೆ ಜಾರುತ್ತದೆ. ಫ್ರಾನ್ಸಿನ ಪಿಯೆರ್ ವರ್ನಿಯರ್ 1631ರಲ್ಲಿ ಪ್ರಕಟಿಸಿದ ಉಪಾಯವಿದು. ಅನೇಕ ಕ್ಯಾಲಿಪರುಗಳ ಒಂದು ಅಂಚಿನಲ್ಲಿ ಇಂಚೂ ಮತ್ತೊಂದರಲ್ಲಿ ಮಿಲಿಮೀಟರೂ ಇರುತ್ತವೆ. ಓದಲು ಆರಂಭಿಸಿದ ಅಂಚನ್ನೇ ಕೊನೆಯವರೆಗೂ ಓದಬೇಕು.

2. ಮೈಕ್ರೋಮೀಟರು: ಇದು ಬಿಲ್ಲಿನಂತೆ ಬಾಗಿದ್ದು, ಒಂದು ತುದಿಯಲ್ಲಿ ತಿರುಗುವ ಕೊಳವೆಯಿರುತ್ತದೆ. ಕೊಳವೆಯ ಸುತ್ತಲಿನ ಗೆರೆಗಳನ್ನು ಎಣಿಸಿರಿ. ಸಾಮಾನ್ಯವಾಗಿ 50 ಇದ್ದರೆ ಮಿಲಿಮೀಟರಿನದು, ಒಂದು ಗೆರೆಗೆ 0.01 ಮಿ.ಮೀ. 25 ಇದ್ದರೆ ಇಂಚಿನದು, ಒಂದು ಗೆರೆಗೆ ಇಂಚಿನ ಸಾವಿರದಲ್ಲೊಂದು ಭಾಗ, ಅಂದರೆ 0.0254 ಮಿ.ಮೀ. ಮೇಲಿನ ಪಂಪಿನ ಕಥೆಯೆಲ್ಲ ಈ ಎರಡೂವರೆ ಪಟ್ಟಿನ ಅಂತರದ್ದು.

3. ಇಂಡೆಕ್ಸಿಂಗ್ ಹೆಡ್: ಬೀಡು ಕಬ್ಬಿಣದ ಭಾರವಾದ ಗಡ್ಡೆ, ಪಕ್ಕದಲ್ಲಿ ಹಿಡಿಕೆ, ಸುತ್ತುಸುತ್ತಾಗಿ ರಂಧ್ರಗಳಿರುವ ತಟ್ಟೆ. ಹಲ್ಲುಚಕ್ರ ಕೊರೆಯುವಾಗ ಸುತ್ತನ್ನು ಸಮಭಾಗ ಮಾಡಲು ಇದು ಬೇಕು. ಮುಂದಿನ ಕದರಿಗೆ ಸೀಮೆಸುಣ್ಣದ ಗುರುತು ಹಾಕಿ ಹಿಡಿಕೆ ತಿರುಗಿಸಿರಿ. ಕದರು ಒಂದು ಸುತ್ತು ಬರಲು ಹಿಡಿಕೆ 40 ಸುತ್ತಾದರೆ ಅದು ಸಾಮಾನ್ಯ ಬಗೆಯದು. ಅದರಲ್ಲಿ 24 ಹಲ್ಲಿನ ಚಕ್ರಕ್ಕೆ ಪ್ರತಿ ಹಲ್ಲಿಗೂ ಒಂದು ಪೂರ್ಣ ಸುತ್ತು, ಮೇಲೆ 18 ರಂಧ್ರಗಳ ಸಾಲಿನಲ್ಲಿ 12 ರಂಧ್ರ ಮುಂದೆ. ಗೂಟ ನಿಂತಿರುವ ರಂಧ್ರವನ್ನು ಲೆಕ್ಕಕ್ಕೆ ಹಿಡಿಯಬಾರದು. ರಂಧ್ರದ ತಟ್ಟೆಗಳು ಬೇರೆ ಪೊಟ್ಟಣದಲ್ಲಿದ್ದರೆ ಅವನ್ನು ಎಸೆಯಬೇಡಿರಿ. ಅವಿಲ್ಲದೆ ಗಡ್ಡೆಯ ಉಪಯೋಗ ಬಹಳ ಕುಗ್ಗುತ್ತದೆ.

ಅಳೆಯುವ ಮೊದಲು ಬಾಯಿಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಹಗುರವಾಗಿ ಮುಚ್ಚಿ, ಸೊನ್ನೆ ಸೊನ್ನೆಗೆ ಕೂಡುವುದೋ ನೋಡಿರಿ. ಕೂಡದಿದ್ದರೆ ಲೇತಿನವರಿಂದ ಸರಿಮಾಡಿಸಿರಿ. ಪೂರ್ತಿ ಮುಚ್ಚದ ದೊಡ್ಡ ಮೈಕ್ರೋಮೀಟರಿನ ಜತೆ ಒಂದು ನಯವಾದ ಸರಳಿರುತ್ತದೆ. ಅದು ಸೊನ್ನೆ ನೋಡುವ ಸರಳು, ಮೊಳೆಯೆಂದು ಬಳಸಬಾರದು. ಅಳೆಯುವ ಮುಖಗಳಿಗೆ ಉಪ್ಪುಕಾಗದ ಉಜ್ಜಲೇಬಾರದು. ಕೆಲಸ ಮುಗಿದ ಮೇಲೆ ತೆಳುವಾಗಿ ಎಣ್ಣೆ ಸವರಿ, ಬಾಯಿ ತುಸು ತೆರೆದಿಡಬೇಕು.

ಪರೀಕ್ಷೆಗೆ ಮನೆಯಲ್ಲೇ ಒಂದು ಒರೆಗಲ್ಲುಂಟು. 6204 ಸಂಖ್ಯೆಯ ಹೊಸ ಬೇರಿಂಗಿನ ಒಳವ್ಯಾಸ 20, ಹೊರವ್ಯಾಸ 47, ಅಗಲ 14 ಮಿ.ಮೀ. ನಿಮ್ಮ ಕ್ಯಾಲಿಪರು ಈ ಮೂರನ್ನೂ ಸರಿಯಾಗಿ ತೋರಿಸಿದರೆ ಅದನ್ನು ನಂಬಬಹುದು.

ಇನ್ನು ಮುಂದೆ ಲೇತಿನ ಅಂಗಡಿಗೆ ಹೋದಾಗ “ಎರಡು ಗೆರೆ” ಎನ್ನಬೇಡಿರಿ. ಎಷ್ಟು ಮಿಲಿಮೀಟರು ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಿರಿ. ಹಳೆಯ ಸಾಧನವೂ ಉಳಿಯುತ್ತದೆ, ಬೆಳೆಯೂ ಉಳಿಯುತ್ತದೆ.