ಮುರುಗಲು ಸಿರಪ್ಪು: ಭರಣಿಯಿಂದ ಚೀಟಿಯವರೆಗೆ

ಜಾಂಬೋಟಿ, ಕಣಕುಂಬಿ ಭಾಗದಲ್ಲಿ ಮುರುಗಲು (ಕೋಕಂ) ಹಣ್ಣಾಗುವುದು ಬೇಸಿಗೆಯಲ್ಲಿ, ಮಳೆ ಹಿಡಿಯುವ ಮುನ್ನ. ಒಣ ಸಿಪ್ಪೆಯನ್ನಷ್ಟೇ ಮಾರುವ ಬದಲು ಸಿರಪ್ಪು ಮಾಡಿ ಚೋರ್ಲಾ ಘಾಟಿನ ಮೂಲಕ ಗೋವೆಗೆ ಹೋಗಿಬರುವವರಿಗೆ ಮಾರಲು ಅವಕಾಶವಿದೆ. ಆದರೆ ಒಮ್ಮೆ ಕೆಟ್ಟ ಬಾಟಲಿ ಕೊಂಡವನು ಆ ಊರಿನ ಮಾಲನ್ನೇ ಮತ್ತೆ ಕೇಳುವುದಿಲ್ಲ.

ಮೊದಲು ಹಣ್ಣು. ಒದ್ದೆ ನೆಲಕ್ಕೆ ಬಿದ್ದು ಬೂಷ್ಟು ಹಿಡಿದದ್ದನ್ನು ಬೇರೆ ತೆಗೆಯಿರಿ. ಕುದಿಸಿದರೆ ಎಲ್ಲವೂ ಶುದ್ಧವಾಗುತ್ತದೆ ಎಂಬುದು ತಪ್ಪು ತಿಳುವಳಿಕೆ. ಕೊಳೆತ ಸೇಬಿನ ರಸದಲ್ಲಿ ಕಂಡುಬರುವ ಪಟುಲಿನ್ ಎಂಬ ಬೂಷ್ಟಿನ ವಿಷ ಕುದಿಸಿದರೂ ಪೂರ್ತಿ ನಾಶವಾಗುವುದಿಲ್ಲ.

ಮುರುಗಲು ಬಹಳ ಹುಳಿ. ಸತು ಬಳಿದ ತಗಡಿನ ಬಕೆಟ್ಟು, ಕಲಾಯಿ ಹೋದ ತಾಮ್ರ-ಹಿತ್ತಾಳೆ ಪಾತ್ರೆಗಳ ಲೋಹ ಈ ಹುಳಿಗೆ ಕರಗಿ ರಸಕ್ಕೆ ಸೇರುತ್ತದೆ. ಸ್ಟೀಲ್ ಪಾತ್ರೆ, ಗಾಜು ಅಥವಾ ಪಿಂಗಾಣಿ ಭರಣಿ ಮಾತ್ರ ಬಳಸಿರಿ. ಔಷಧಿ ಸಿಂಪಡಿಸಿ ಖಾಲಿಯಾದ ಡಬ್ಬಿಯನ್ನು ಎಷ್ಟು ತೊಳೆದರೂ ಈ ಕೆಲಸಕ್ಕೆ ತರಕೂಡದು.

ನಿಜವಾದ ಆಸೆ ಹುಟ್ಟುವುದು ಬಣ್ಣದಲ್ಲಿ. ಬೆಳಕು ಮತ್ತು ಶಾಖಕ್ಕೆ ಮುರುಗಲಿನ ಕೆಂಪು ತಿಂಗಳುಗಳಲ್ಲಿ ಕಂದಾಗುತ್ತದೆ. ಆಗ ಪೇಟೆಯ ಬಣ್ಣದ ಪುಡಿ ನೆನಪಾಗುತ್ತದೆ. ಬಟ್ಟೆಗೆ ಹಾಕುವ ರೋಡಮೈನ್-ಬಿ ಎಂಬ ಗುಲಾಬಿ ಪುಡಿ ಆಹಾರಕ್ಕೆ ನಿಷಿದ್ಧ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬೊಂಬಾಯಿ ಮಿಠಾಯಿ ಮತ್ತು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನು ನಿಷೇಧಿಸಿದ್ದು ಇಂಥ ಪುಡಿಗಳ ಕಾರಣದಿಂದಲೇ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿರಿ: ಒಂದು ಚಮಚ ಸಿರಪ್ಪನ್ನು ನೀರಿಗೆ ಬೆರೆಸಿ, ನೊರೆ ಏಳುವುದು ನಿಲ್ಲುವವರೆಗೆ ಅಡಿಗೆ ಸೋಡಾ ಹಾಕಿರಿ. ಹಣ್ಣಿನ ಬಣ್ಣ ಕೆಂಪು ಬಿಟ್ಟು ನೇರಳೆ ಅಥವಾ ಮಸುಕು ನೀಲಿಯತ್ತ ತಿರುಗುತ್ತದೆ. ಕೃತಕ ಕೆಂಪು ಕೆಂಪಾಗಿಯೇ ಉಳಿಯುತ್ತದೆ. ಅಸಲಿ ರಸಕ್ಕೇ ಸ್ವಲ್ಪ ಬಣ್ಣ ಬೆರೆತಿದ್ದರೆ ಈ ಪರೀಕ್ಷೆ ಸಾಲದು, ಪ್ರಯೋಗಾಲಯಕ್ಕೇ ಕಳಿಸಬೇಕು.

ಕೆಡದಂತೆ ಇಡಲು ಮೆಟಾಬೈಸಲ್ಫೈಟ್ ಹಾಕುವವರಿದ್ದಾರೆ. ಅದು ಮುರುಗಲಿನ ಕೆಂಪನ್ನೇ ಕಳೆಯುತ್ತದೆ! ಒಂದು ಕಿಲೋ ಹಸಿ ಸಿಪ್ಪೆಗೆ ಎರಡು ಕಿಲೋ ಸಕ್ಕರೆಯನ್ನು ಪದರಪದರವಾಗಿ ಹಾಕಿ ವಾರವಿಟ್ಟು ಸೋಸುವ ಹಳೆಯ ಪದ್ಧತಿಯಲ್ಲಿ ಸಕ್ಕರೆ ಮತ್ತು ಹುಳಿಗಳೇ ಕಾಯುತ್ತವೆ. ಬೆಂಜೋಯೇಟ್ ಹಾಕಿದ್ದೇ ಆದರೆ ಅಳತೆ ಮೀರಬಾರದು, ಚೀಟಿಯಲ್ಲಿ ಬರೆಯಲೇಬೇಕು.

ಇನ್ನು ಆ ಚೀಟಿ. ದೊಡ್ಡ ಕಂಪನಿಗಳೂ ಇಲ್ಲಿ ಎಡವಿವೆ. ಸಾಂದ್ರ ರಸಕ್ಕೆ ನೀರು ಬೆರೆಸಿದ್ದನ್ನು ‘ಶೇ. 100 ಹಣ್ಣಿನ ರಸ’ ಎನ್ನುತ್ತಿದ್ದುದನ್ನು ಕೈಬಿಡುವಂತೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2024ರ ಜೂನ್‌ನಲ್ಲಿ ಆದೇಶಿಸಿತು. ರಸದ ಒಂದು ಕಿಲೋಗೆ 15 ಗ್ರಾಂಗಿಂತ ಹೆಚ್ಚು ಸಿಹಿ ಸೇರಿಸಿದ್ದರೆ ‘ಸಿಹಿಗೊಳಿಸಿದ ರಸ’ ಎಂದು ಹೇಳಬೇಕು. ಹಣ್ಣಿನ ಸಿರಪ್ಪೆಂದು ಕರೆಯಲು ಕನಿಷ್ಠ ಶೇ. 25 ಹಣ್ಣಿನ ರಸ, ಶೇ. 65 ಕರಗಿದ ಘನಾಂಶ ಇರಬೇಕು.

ತೂಕದಲ್ಲಿ ಹೆಚ್ಚಿರುವುದರ ಹೆಸರು ಮೊದಲು ಬರಬೇಕೆಂಬುದು ನಿಯಮ. ಮೇಲಿನ ಪದ್ಧತಿಯಲ್ಲಿ ಸಕ್ಕರೆಯೇ ಮೊದಲು, ಮುರುಗಲು ಆಮೇಲೆ. ಹಾಗೆ ಬರೆದರೆ ಗಿರಾಕಿ ಹಿಂಜರಿಯುತ್ತಾನೆಂದು ಕೆಲವರು ಅದನ್ನು ಮರೆಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ, ಒಂದು ಲೋಟಕ್ಕೆ ಎಷ್ಟು ಚಮಚ ಸಿರಪ್ಪು, ಎಷ್ಟು ನೀರು ಎಂದು ಪಕ್ಕದಲ್ಲೇ ಬರೆದರೆ ಆ ಹಿಂಜರಿಕೆ ಉಳಿಯದು. ತಯಾರಿಸಿದ ದಿನ, ನಿವ್ವಳ ತೂಕ, ತಯಾರಕರ ವಿಳಾಸದೊಂದಿಗೆ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆಯೂ ಇರಲಿ. ಮನೆಯಲ್ಲಿ ತಯಾರಿಸಿ ಮಾರುವವರಿಗೂ ನೋಂದಣಿ ಕಡ್ಡಾಯ.