ಗಿಡ ತೋರಿಸಿದವರಿಗೂ ಪಾಲು

ಕೇರಳದ ಅಗಸ್ತ್ಯ ಬೆಟ್ಟದಲ್ಲಿ ಕಾಣಿ ಎಂಬ ಬುಡಕಟ್ಟಿನವರಿದ್ದಾರೆ. 1987ರಲ್ಲಿ ಇವರನ್ನು ದಾರಿ ತೋರಿಸಲು ಕರಕೊಂಡು ವಿಜ್ಞಾನಿಗಳು ಬೆಟ್ಟ ಹತ್ತಿದರು. ವಿಜ್ಞಾನಿಗಳಿಗೆ ಸುಸ್ತು, ಕಾಣಿಗಳಿಗಿಲ್ಲ. ಅವರು ಸಣ್ಣ ಹಣ್ಣೊಂದನ್ನು ತಿನ್ನುತ್ತಿದ್ದರು. ಆ ಗಿಡವೇ ಆರೋಗ್ಯಪಚ್ಚ. ಅದರಿಂದ 'ಜೀವನಿ' ಔಷಧಿ ಆಯ್ತು. 1995ರಲ್ಲಿ ತಯಾರಿಕೆ ಹಕ್ಕು 10 ಲಕ್ಷ ರೂಪಾಯಿಗೆ ಕಂಪನಿಗೆ ಹೋಯ್ತು. ಅರ್ಧ ಪಾಲು ಕಾಣಿಗಳಿಗೆ ಎಂದಾಯ್ತು. ಅದಕ್ಕಾಗಿ 1997ರಲ್ಲಿ ಟ್ರಸ್ಟ್ ಮಾಡಿದರು.

ನಮ್ಮೂರಲ್ಲೂ ದನದ ಮದ್ದು, ಬಾಣಂತಿ ಮದ್ದು ಬಲ್ಲ ಅಜ್ಜ-ಅಜ್ಜಿಯರಿದ್ದಾರೆ. ಅವರು ಹೋದರೆ ಮದ್ದೂ ಹೋದಂತೆ. ಗಿಡದ ಹೆಸರು, ಬಳಸುವ ಭಾಗ, ಅಳತೆ, ಹೇಳಿದವರ ಹೆಸರು, ಇಷ್ಟನ್ನು ಬರೆದಿಡಿ. ಪಂಚಾಯ್ತಿಯಲ್ಲಿ ಜೀವವೈವಿಧ್ಯ ಸಮಿತಿ ಇರಬೇಕೆಂದು 2002ರ ಕಾಯ್ದೆ ಹೇಳುತ್ತೆ. ಅಲ್ಲಿಯ ದಾಖಲಾತಿ ಪುಸ್ತಕದಲ್ಲಿ ನಮ್ಮೂರ ಮದ್ದು ಸೇರಿದೆಯಾ, ಹೋಗಿ ಕೇಳಿ. ಹೊರಗಿನವರು ಮದ್ದು ಕೇಳಿಕೊಂಡು ಬಂದರೆ ಊರವರು ಕೂತು ಮಾತಾಡಿದ ಮೇಲೆಯೇ ಗಿಡ ತೋರಿಸಿ.