ಗಾಡಿ ಒಮ್ಮೆ ಸ್ಟಾರ್ಟ್ ಆಗುತ್ತದೆ, ಒಮ್ಮೆ ಆಗುವುದಿಲ್ಲ: ರೋಗ ಪತ್ತೆ ಹೇಗೆ?



ಈ ಪುಟದಲ್ಲಿ ಕೆಚ್ಚಲುಬಾವು, ಕಾಲುಬಾಯಿ ಜ್ವರ, ಕರುಗಳ ಪಾಲನೆ, ಹಸಿರು ಮೇವು ಮುಂತಾದ ವಿಷಯಗಳನ್ನು ಬರೆಯುವುದು ನನ್ನ ವಾಡಿಕೆ. ಈ ಸಲ ಗಾಡಿಯ ಬಗ್ಗೆ ಬರೆಯುತ್ತಿದ್ದೇನೆ. ಪಶುವೈದ್ಯನಿಗೇಕೆ ಗಾಡಿಯ ಉಸಾಬರಿ ಎಂದು ನೀವು ಕೇಳಬಹುದು. ಅದಕ್ಕೆ ಕಾರಣವಿದೆ.

ಮಾರುತಿ 800 ತಯಾರಿಕೆ 2014ರಲ್ಲಿ ನಿಂತಿತು, ಓಮ್ನಿ ವ್ಯಾನಿನದು 2019ರಲ್ಲಿ. ಆದರೂ ನಮ್ಮ ಹಳ್ಳಿಗಳಲ್ಲಿ ಅವು ಓಡುತ್ತಲೇ ಇವೆ. ತೋಟದ ಮನೆಯಿಂದ ಸಂಘಕ್ಕೆ ಹಾಲಿನ ಕ್ಯಾನು, ಪೇಟೆಯಿಂದ ಹಿಂಡಿ ಬೂಸಾ, ಹೊತ್ತಲ್ಲದ ಹೊತ್ತಿನಲ್ಲಿ ಡಾಕ್ಟರನ್ನು ಕರೆತರುವುದು, ಎಲ್ಲವೂ ಇಂಥ ಹಳೆಯ ಗಾಡಿಗಳ ಮೇಲೆಯೇ. ಬೆಳಿಗ್ಗೆ ಗಾಡಿ ಒಂದು ಗಂಟೆ ಮುಷ್ಕರ ಹೂಡಿದರೆ ಬೇಸಿಗೆಯಲ್ಲಿ ಹಾಲು ಹುಳಿಯುತ್ತದೆ. ನನ್ನ ಪಾಲಿಗೆ ಒಮ್ಮೆ ಅದಕ್ಕಿಂತ ದೊಡ್ಡ ನಷ್ಟವಾಯಿತು.

ನಡೆದ ಸಂಗತಿ

ನನ್ನದು ಹಳೆಯ ಪೆಟ್ರೋಲ್ ವ್ಯಾನು. ಹತ್ತು ಸಲ ಚೆನ್ನಾಗಿ ಸ್ಟಾರ್ಟ್ ಆದರೆ ಹನ್ನೊಂದನೆಯ ಸಲ 'ಟಕ್' ಎಂದು ಸುಮ್ಮನಾಗುತ್ತಿತ್ತು. ಹೊಸ ಬ್ಯಾಟರಿ ಹಾಕಿಸಿದೆ. ಒಂದು ವಾರ ಸರಿಯಿದ್ದು ಮತ್ತೆ ಅದೇ ಕಥೆ. ಸೆಲ್ಫ್ ಮೋಟಾರು ಬಿಚ್ಚಿಸಿ ಬ್ರಷ್ ಬದಲಾಯಿಸಿದೆ. ಆಗಲೂ ಹೋಗಲಿಲ್ಲ. ಗ್ಯಾರೇಜಿಗೆ ಒಯ್ದಾಗ ಮಾತ್ರ ಮೊದಲ ಏಟಿಗೇ ಸ್ಟಾರ್ಟ್!

ಮಳೆಗಾಲದ ಒಂದು ರಾತ್ರಿ ಹದಿನಾಲ್ಕು ಕಿಲೋಮೀಟರ್ ದೂರದ ಊರಿನಿಂದ ಕರೆ ಬಂತು. ಚೊಚ್ಚಲು ಹಸು, ಕರುವಿನ ಒಂದು ಕಾಲು ಮಾತ್ರ ಹೊರಗೆ ಬಂದಿದೆ ಎಂದರು. ಹೊರಟರೆ ವ್ಯಾನು 'ಟಕ್' ಎಂದಿತು. ಯಾರದೋ ಬೈಕು ಹಿಡಿದು ಹೋಗುವಷ್ಟರಲ್ಲಿ ಒಂದೂವರೆ ಗಂಟೆ ತಡವಾಗಿತ್ತು. ಹಸುವನ್ನು ಉಳಿಸಿಕೊಂಡೆವು. ಕರು ಉಳಿಯಲಿಲ್ಲ, ಹೆಣ್ಣುಗರು. ಮನೆಯ ಯಜಮಾನರು ನನಗೊಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಮರುದಿನ ಅದೇ ಊರಿನ ಸಂಘದ ಕಾರ್ಯದರ್ಶಿಗಳು ವ್ಯಾನಿನ ಕಥೆಯನ್ನೆಲ್ಲ ಕೇಳಿಸಿಕೊಂಡು ಒಂದು ಪ್ರಶ್ನೆ ಹಾಕಿದರು: "ಸಾರ್, ಕ್ಯಾನಿನ ಹಾಲು ಒಡೆದರೆ ನಾವು ಮೊದಲು ಕ್ಯಾನ್ ತೊಳೆದಿದ್ದಾರಾ ಅಂತ ನೋಡ್ತೀವೋ, ಹಸುನೇ ಮಾರ್ತೀವೋ?"

ನನಗೆ ನಾಚಿಕೆಯಾಯಿತು. ಬಿದ್ದ ಹಸುವಿಗೆಲ್ಲ ಕಣ್ಣುಮುಚ್ಚಿ ಕ್ಯಾಲ್ಸಿಯಂ ಬಾಟಲಿ ಏರಿಸಬಾರದು, ಮೊದಲು ಪರೀಕ್ಷೆ ಆಮೇಲೆ ಔಷಧಿ ಎಂದು ಸಭೆಗಳಲ್ಲಿ ಹೇಳುವವನು ನಾನು. ನನ್ನ ಗಾಡಿಗೆ ನಾನೇ ಪರೀಕ್ಷೆಯಿಲ್ಲದೆ ಔಷಧಿ ಹಾಕುತ್ತಿದ್ದೆ. ಅಂದಿನಿಂದ ಕಲಿತದ್ದನ್ನು ಕ್ರಮವಾಗಿ ಇಲ್ಲಿ ಕೊಟ್ಟಿದ್ದೇನೆ.

1. ಮೊದಲು ಪೂರ್ವವೃತ್ತಾಂತ

ಬಂದು ಹೋಗುವ ದೋಷವನ್ನು ಅದು ಬಂದಿರುವಾಗಲೇ ಹಿಡಿಯಬೇಕು. ಬೆದೆಯ ಲಕ್ಷಣವನ್ನು ಬೆಳಿಗ್ಗೆ ಸಂಜೆ ಗಮನಿಸಿದವನಿಗೆ ಮಾತ್ರ ಕಾಣುವಂತೆ ಇದೂ ಕೂಡ. ಗಾಡಿಯಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಸ್ಟಾರ್ಟ್ ಆಗದಿದ್ದಾಗಲೆಲ್ಲ ಹೀಗೆ ಬರೆಯಿರಿ:

ಅ) ಎಂಜಿನ್ ತಣ್ಣಗಿತ್ತೋ, ಬಿಸಿಯಿತ್ತೋ?
ಆ) ಮಳೆ ಅಥವಾ ತೇವವಿತ್ತೋ?
ಇ) ಗಾಡಿ ಎಷ್ಟು ಹೊತ್ತು ನಿಂತಿತ್ತು?
ಈ) ಕೀ ತಿರುಗಿಸಿದಾಗ ಯಾವ ಸದ್ದು ಬಂತು? ದೀಪ ಮಂಕಾಯಿತೇ?
ಉ) ಕೊನೆಗೆ ಯಾವ ಉಪಾಯದಿಂದ ಸ್ಟಾರ್ಟ್ ಆಯಿತು?

ನಾಲ್ಕೈದು ಸಲ ಬರೆದ ಮೇಲೆ ದೋಷದ ಜಾಡು ತಾನಾಗಿ ಕಾಣುತ್ತದೆ. ಮೆಕ್ಯಾನಿಕ್‌ಗೂ ಈ ಪುಸ್ತಕವನ್ನೇ ತೋರಿಸಿ.

2. ಸದ್ದು ಕೇಳಿ, ವಿಂಗಡಿಸಿ

ಹೆಡ್‌ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆಯಿರಿ. ನಾಲ್ಕರಲ್ಲಿ ಒಂದು ಲಕ್ಷಣ ಕಾಣುತ್ತದೆ.

ಸದ್ದೇ ಇಲ್ಲ, ದೀಪ ಪ್ರಕಾಶವಾಗಿಯೇ ಇದೆ: ಕರೆಂಟು ಸೆಲ್ಫ್‌ವರೆಗೆ ಹೋಗುತ್ತಿಲ್ಲ. ಸವೆದ ಕೀ ಸ್ವಿಚ್, ಸಡಿಲವಾದ ಸಣ್ಣ ವೈರು ಅಥವಾ ಸೊಲೆನಾಯ್ಡ್ ಕಾರಣವಿರಬಹುದು.

ಒಂದೇ 'ಟಕ್', ಆಮೇಲೆ ಮೌನ: ಬ್ಯಾಟರಿ ಟರ್ಮಿನಲ್, ಅರ್ಥ್ ಪಟ್ಟಿ, ಸೊಲೆನಾಯ್ಡಿನ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಅಥವಾ ಸೆಲ್ಫ್ ಬ್ರಷ್ ನೋಡಿ.

'ಟಕ ಟಕ ಟಕ' ಅಥವಾ ಎಳೆದೆಳೆದು ತಿರುಗುವುದು, ದೀಪ ತೀರಾ ಮಂಕು: ಬ್ಯಾಟರಿ ಇಳಿದಿದೆ ಇಲ್ಲವೇ ಟರ್ಮಿನಲ್ ಕೆಟ್ಟಿದೆ.

ಎಂಜಿನ್ ಚೆನ್ನಾಗಿ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ: ಬ್ಯಾಟರಿಯ ತಂಟೆಗೆ ಹೋಗಬೇಡಿ. ಇಂಧನ ಇಲ್ಲ, ಇಲ್ಲವೇ ಕಿಡಿ ಇಲ್ಲ.

ಈ ವಿಂಗಡಣೆಯಿಂದಲೇ ಅರ್ಧ ಕೆಲಸ ಮುಗಿಯುತ್ತದೆ. ಮೊದಲ ಮೂರು ಗುಂಪುಗಳಿಗೆ 3 ಮತ್ತು 4ನೇ ಭಾಗ, ನಾಲ್ಕನೆಯದಕ್ಕೆ 5ನೇ ಭಾಗ ಓದಿ.

3. ಬ್ಯಾಟರಿ: ನಿಮಗೆ ಗೊತ್ತಿರುವ ಪರೀಕ್ಷೆಯೇ

ಸಂಘದಲ್ಲಿ ಲ್ಯಾಕ್ಟೋಮೀಟರ್ ನೋಡಿದ್ದೀರಿ. ರೀಡಿಂಗ್ 28 ಎಂದರೆ ಹಾಲಿನ ಸಾಂದ್ರತೆ ನೀರಿನ 1.028ರಷ್ಟು. ನೀರು ಬೆರೆಸಿದರೆ ಅದು ಕೆಳಗೆ ಮುಳುಗುತ್ತದೆ. ಬ್ಯಾಟರಿ ಅಂಗಡಿಯ ಹೈಡ್ರೋಮೀಟರ್ ಇದರ ಅಣ್ಣತಮ್ಮ. ಚಾರ್ಜ್ ತುಂಬಿದ ಬ್ಯಾಟರಿಯ ಆಸಿಡ್ ಸುಮಾರು 1.250ರಿಂದ 1.280 ತೋರಿಸುತ್ತದೆ. ಚಾರ್ಜ್ ಇಳಿದಂತೆ ಆಸಿಡ್ ತೆಳುವಾಗಿ ಅಂಕಿ ಇಳಿಯುತ್ತದೆ. ಆರೂ ಸೆಲ್‌ಗಳನ್ನು ನೋಡಿಸಿ. ಐದು ಸರಿಯಿದ್ದು ಒಂದು ಮಾತ್ರ 0.050ಕ್ಕಿಂತ ಹೆಚ್ಚು ಕಡಿಮೆಯಿದ್ದರೆ ಆ ಸೆಲ್ ಕೆಟ್ಟಿದೆ ಎಂದೇ ಲೆಕ್ಕ. ನಾಲ್ಕು ಮೊಲೆಗಳಲ್ಲಿ ಒಂದಕ್ಕೆ ಬಾವು ಬಂದ ಹಾಗೆ.

ಮುಚ್ಚಳ ತೆರೆಯಲಾಗದ ಬ್ಯಾಟರಿಗೆ ಮಲ್ಟಿಮೀಟರ್ ಬೇಕು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.4 ಆದರೆ ಮುಕ್ಕಾಲು, 12.0 ಆದರೆ ಬಹುಪಾಲು ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ ಸುಮಾರು 13.8ರಿಂದ 14.4 ಇರಬೇಕು. ಅಷ್ಟು ಬರದಿದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿಸಿ. ಮೇವೇ ಹಾಕದೆ ಹಾಲು ಕರೆದರೆ ಹೊಸ ಹಸುವಾದರೂ ಎಷ್ಟು ದಿನ ಕೊಟ್ಟೀತು?

ಬ್ಯಾಟರಿಯೂ ಚಾರ್ಜಿಂಗೂ ಸರಿಯಿದ್ದು, ಎರಡು ದಿನ ನಿಂತರೆ ಮಾತ್ರ ಇಳಿಯುತ್ತಿದ್ದರೆ, ಆಮೇಲೆ ಜೋಡಿಸಿದ ಟೇಪ್ ರೆಕಾರ್ಡರ್, ಫ್ಯಾನು ಅಥವಾ ಒಳಗಿನ ದೀಪ ಕದ್ದು ಕರೆಂಟು ಕುಡಿಯುತ್ತಿರಬಹುದು.

4. ಟರ್ಮಿನಲ್ ಮತ್ತು ಅರ್ಥ್ ಪಟ್ಟಿ

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ. ಸೋಡಾ ನೀರು ಸೆಲ್‌ಗಳ ಒಳಗೆ ಹೋಗದಿರಲಿ. ಒರೆಸಿ, ಉಪ್ಪುಕಾಗದದಿಂದ ಹೊಳಪು ಬರುವವರೆಗೆ ಉಜ್ಜಿ, ಬಿಗಿಯಾಗಿ ಕಟ್ಟಿ, ಮೇಲೆ ವ್ಯಾಸಲೀನ್ ಸವರಿ. ಖರ್ಚು ಹತ್ತಿಪ್ಪತ್ತು ರೂಪಾಯಿ.

ಇನ್ನು ಎಲ್ಲರೂ ಮರೆಯುವ ಭಾಗ. ಬ್ಯಾಟರಿಯಿಂದ ಸೆಲ್ಫ್‌ಗೆ ಹೋದ ಕರೆಂಟು ಎಂಜಿನ್ ಲೋಹದ ಮೂಲಕ ವಾಪಸು ಬರಬೇಕು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ, ಅದನ್ನು ಬಾಡಿಗೆ ಅಥವಾ ಬ್ಯಾಟರಿಗೆ ಜೋಡಿಸಲು ದಪ್ಪ ತಂತಿಯ ಇಲ್ಲವೇ ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ವರ್ಷಗಳು ಕಳೆದಂತೆ ಅದರ ಎಳೆಗಳು ಹಸಿರುಗಟ್ಟಿ ಒಂದೊಂದಾಗಿ ಕಡಿಯುತ್ತವೆ. ದೀಪ, ಹಾರನ್‌ಗಳಿಗೆ ಸ್ವಲ್ಪ ಕರೆಂಟು ಸಾಕು, ಅವು ನಡೆಯುತ್ತವೆ. ಸೆಲ್ಫ್‌ಗೆ ನೂರು ಆಂಪಿಯರ್‌ಗೂ ಮಿಕ್ಕಿ ಬೇಕು, ಅದು ಸೋಲುತ್ತದೆ. ಗಾಡಿ ಅಲುಗಾಡಿದಾಗ ಎಳೆಗಳು ಕೂಡಿಕೊಂಡರೆ ಸ್ಟಾರ್ಟ್, ಇಲ್ಲದಿದ್ದರೆ ಇಲ್ಲ. ಗ್ಯಾರೇಜಿಗೆ ಒಯ್ದಾಗ ಸರಿಯಾಗುವ ರಹಸ್ಯ ಇದೇ.

ಪರೀಕ್ಷೆ ಸುಲಭ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್‌ನ ಬಣ್ಣವಿಲ್ಲದ ಲೋಹದ ಮೇಲೆ ಇಟ್ಟು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಸುಮಾರು 0.2 ವೋಲ್ಟ್ ತೋರಿಸಿದರೆ ಸರಿ, ಅರ್ಧ ವೋಲ್ಟ್ ದಾಟಿದರೆ ಅರ್ಥ್ ಕೆಟ್ಟಿದೆ. ಮೀಟರಿಲ್ಲವೇ? ದಪ್ಪ ಜಂಪರ್ ಕೇಬಲ್ಲಿನಿಂದ ನೆಗೆಟಿವ್ ಕಂಬವನ್ನೂ ಎಂಜಿನ್ ಲೋಹವನ್ನೂ ನೇರ ಜೋಡಿಸಿ. ಆಗ ಎಂಜಿನ್ ಗಿರ್ರನೆ ತಿರುಗಿದರೆ ರೋಗ ಸಿಕ್ಕಿತು. ಸೆಲ್ಫ್ ಹೊಡೆದಾಗ ಆಕ್ಸಿಲರೇಟರ್ ಅಥವಾ ಚೋಕ್ ಕೇಬಲ್ ಬಿಸಿಯಾಗುವುದೂ ಇದರದೇ ಗುರುತು. ದಾರಿ ಸಿಗದ ಕರೆಂಟು ಅದರ ಮೂಲಕ ವಾಪಸು ಬರುತ್ತಿರುತ್ತದೆ.

ನನ್ನ ವ್ಯಾನಿನ ರೋಗವೂ ಇದೇ ಆಗಿತ್ತು. ಪಟ್ಟಿಯಲ್ಲಿ ಬೆರಳೆಣಿಕೆಯಷ್ಟು ಎಳೆಗಳು ಉಳಿದಿದ್ದವು. ಹೊಸ ಬ್ಯಾಟರಿ, ಸೆಲ್ಫ್ ರಿಪೇರಿಗೆ ಸಾವಿರಾರು ರೂಪಾಯಿ ಹೋಗಿತ್ತು. ಪಟ್ಟಿಗೆ ನೂರರ ಲೆಕ್ಕ.

ಪಟ್ಟಿ ಸರಿಯಿದ್ದೂ, ಬಿಸಿಯಾದಾಗ ಮಾತ್ರ 'ಟಕ್' ಎನ್ನುತ್ತಿದ್ದರೆ ಆಗ ಸೆಲ್ಫ್ ಮತ್ತು ಸೊಲೆನಾಯ್ಡ್ ಬಿಚ್ಚಿಸಬಹುದು. ಮೋಟಾರಿಗೆ ಮೆಲ್ಲಗೆ ತಟ್ಟಿದರೆ ತಿರುಗುವುದು ಬ್ರಷ್ ಸವೆದಿರುವ ಸೂಚನೆ.

5. ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ

ಕಾರ್ಬುರೇಟರ್ ಇರುವ ಪೆಟ್ರೋಲ್ ಗಾಡಿ: ಬಿಸಿಲಲ್ಲಿ ಓಡಿಸಿ ಹತ್ತಿಪ್ಪತ್ತು ನಿಮಿಷ ನಿಲ್ಲಿಸಿದ ಮೇಲೆ ತೊಂದರೆ ಕೊಟ್ಟು, ಪೆಟ್ರೋಲ್ ವಾಸನೆ ಬಂದರೆ, ಪೆಟ್ರೋಲ್ ಕುದಿದು ಎಂಜಿನ್ ಒಳಗೆ ಹೆಚ್ಚಾಗಿದೆ. ಚೋಕ್ ಮುಟ್ಟಬೇಡಿ. ಆಕ್ಸಿಲರೇಟರನ್ನು ನಿಧಾನವಾಗಿ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಮೇಲಿಂದ ಮೇಲೆ ಒತ್ತಿದರೆ ಇನ್ನೂ ಕೆಡುತ್ತದೆ. ಮಳೆ, ಮಂಜಿನಲ್ಲಿ ಮಾತ್ರ ತೊಂದರೆಯಾದರೆ ಡಿಸ್ಟ್ರಿಬ್ಯೂಟರ್ ಮುಚ್ಚಳದ ಬಿರುಕು, ಪ್ಲಗ್ ವೈರುಗಳ ತೇವ ನೋಡಿಸಿ. ಬಿಸಿಯಾದಾಗ ಕಿಡಿ ನಿಂತು, ಆರಿದ ಮೇಲೆ ಬಂದರೆ ಇಗ್ನಿಷನ್ ಕಾಯಿಲ್ ಅಥವಾ ಕಂಡೆನ್ಸರ್ ಮೇಲೆ ಸಂಶಯ.

ಇಂಜೆಕ್ಷನ್ ಗಾಡಿ: ಕೀ ಆನ್ ಮಾಡಿದಾಗ ಟ್ಯಾಂಕಿನ ಕಡೆಯಿಂದ ಒಂದೆರಡು ಸೆಕೆಂಡು 'ಗುಂಯ್' ಎಂಬ ಪಂಪಿನ ಸದ್ದು ಸಾಮಾನ್ಯವಾಗಿ ಕೇಳಬೇಕು. ಕೇಳದಿದ್ದರೆ ಪಂಪು, ಫ್ಯೂಸು, ರಿಲೇ ನೋಡಿಸಿ. ಪಂಪು ಸರಿಯಿದ್ದು ಬಿಸಿಯಲ್ಲಿ ಮಾತ್ರ ಕೈಕೊಟ್ಟರೆ ಕ್ರ್ಯಾಂಕ್ ಸೆನ್ಸರ್ ಕಾರಣವಿರಬಹುದು. ಇದು ಮೆಕ್ಯಾನಿಕ್ ಕೆಲಸ.

ಹಳೆಯ ಡೀಸೆಲ್ ಜೀಪು: ಸೆಲ್ಫ್ ಹೊಡೆಯುವಾಗ ಹೊಗೆ ನೋಡಿ. ಬಿಳಿ ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಹತ್ತುತ್ತಿಲ್ಲ. ಚಳಿಯ ಬೆಳಿಗ್ಗೆಯಾದರೆ ಹೀಟರ್ ಪ್ಲಗ್ ಇರುವ ಗಾಡಿಗಳಲ್ಲಿ ಅದನ್ನು ನೋಡಿಸಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ಬರುತ್ತಿಲ್ಲ. ಕೈ ಪಂಪು ಒತ್ತಿದ ಮೇಲೆ ಸ್ಟಾರ್ಟ್ ಆದರೆ ಪೈಪಿನಲ್ಲಿ ಎಲ್ಲೋ ಗಾಳಿ ಎಳೆಯುತ್ತಿದೆ.

6. ಮುನ್ನೆಚ್ಚರಿಕೆಗಳು

* ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಅನಿಲ ಸಿಡಿಯುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ, ಬುಡ್ಡಿದೀಪ ಕೂಡದು.
* ಬಿಚ್ಚುವಾಗ ನೆಗೆಟಿವ್ ಮೊದಲು, ಕಟ್ಟುವಾಗ ನೆಗೆಟಿವ್ ಕೊನೆಗೆ.
* ಆಸಿಡ್ ತಾಗಿದರೆ ಕೂಡಲೇ ಧಾರಾಳವಾಗಿ ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ವೈದ್ಯರಲ್ಲಿಗೆ ಹೋಗಿ.
* ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು ಬೇಡ.
* ಪರೀಕ್ಷೆಗೆ ಮೊದಲು ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮಕ್ಕಳನ್ನು ದೂರವಿಡಿ.
* ಸೆಲ್ಫ್ ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ನಡುವೆ ಅರ್ಧ ನಿಮಿಷವಾದರೂ ಬಿಡಿ.
* ಕಾರ್ಬುರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡುವ ಚಾಳಿ ಬಿಡಿ. ಬೆಂಕಿ ಮುಖಕ್ಕೇ ಹಾರುತ್ತದೆ.

ಕೊನೆಯ ಮಾತು

ಅಗ್ಗದ್ದನ್ನು ಮೊದಲು ನೋಡಿ, ದುಬಾರಿಯದನ್ನು ಕೊನೆಗೆ. ಒಂದು ಸಲಕ್ಕೆ ಒಂದೇ ವಸ್ತು ಬದಲಾಯಿಸಿ. ಮೂರನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. "ಒಂದು ಸಲ ತಾನೇ, ಆಮೇಲೆ ನೋಡೋಣ" ಎಂದು ಮುಂದೂಡಬೇಡಿ. ನಾನು ಹಾಗೆ ಮುಂದೂಡಿದ್ದರ ಬೆಲೆಯನ್ನು ಇನ್ನೊಬ್ಬರ ಕೊಟ್ಟಿಗೆ ತೆತ್ತಿತು.

ಈ ಭಾನುವಾರ ಹಾಲು ಹಾಕಿ ಬಂದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ನಿಮ್ಮ ಗಾಡಿಯ ಟರ್ಮಿನಲ್ ಮತ್ತು ಅರ್ಥ್ ಪಟ್ಟಿ ನೋಡಿ. ಮುಂದಿನ ಸಂಚಿಕೆಯಲ್ಲಿ ಎಂದಿನಂತೆ ಕೊಟ್ಟಿಗೆಗೆ ಮರಳೋಣ.

– ವಿಸ್ತರಣಾಧಿಕಾರಿ (ಪಶುವೈದ್ಯಕೀಯ)